ಹಿಂದಿನ ದನಿಯ ಗೋಹರ್‌ಬಾಯಿ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ತತ್ವಪದದ ಭಜನೆ ಕೂತರೆ ಹಾಡುವವರು ಎರಡು ಪಾಲಾಗುತ್ತಾರೆ. ಏಕತಾರಿ ಹಿಡಿದವನು ಪದ ಎತ್ತುತ್ತಾನೆ. ದಮ್ಮಡಿ, ತಾಳ ಹಿಡಿದವರು ಅದೇ ನುಡಿಯನ್ನು ಹಿಂದಿನಿಂದ ಹಿಡಿದು ಹಾಡಿ ಅವನಿಗೆ ಉಸಿರು ತೆಗೆದುಕೊಳ್ಳಲು ಬಿಡುವು ಮಾಡಿಕೊಡುತ್ತಾರೆ. ಮೊಹರಂ ದಿನಗಳಲ್ಲಿ ಅಲಾವಿಯ ಸುತ್ತ ರಿವಾಯತ್ ಹಾಡುವಾಗಲೂ ಇದೇ ರೀತಿ. ಮುಂದಿನವನು ಮರೆತರೆ ಹಿಂದಿನವರು ನೆನಪು ಕೊಡಬೇಕು. ಅವನ ದನಿ ಇಳಿದರೆ ಎತ್ತಿಕೊಳ್ಳಬೇಕು. ಆದರೆ ಅವನನ್ನು ದಾಟಿ ಮುಂದೆ ಹೋಗಬಾರದು. ಪದದ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ, ಉರ್ದು ಗಜಲಿನ ಮಖ್ತಾದಲ್ಲಿ ಶಾಯರನ ತಖಲ್ಲುಸ್ ಬರುವ ಹಾಗೆ. ಕಡಕೋಳದ ಮಡಿವಾಳಪ್ಪನವರೂ ಅವರ ಶಿಷ್ಯ ಚೆನ್ನೂರಿನ ಜಲಾಲಸಾಹೇಬರೂ ಇವತ್ತಿಗೂ ನಮ್ಮ ಜನರ ಬಾಯಲ್ಲಿರುವುದು ಆ ಅಂಕಿತದ ಬಲದಿಂದ. ಹಿಂದೆ ಹಾಡಿದವರಿಗೆ ಅಂಕಿತವಿಲ್ಲ.

ನಾವು ಸಣ್ಣವರಿದ್ದಾಗ ಚಿಂಚೋಳಿ ಕಡೆಯಿಂದ ಒಬ್ಬ ಗಂಡ, ಒಬ್ಬಳು ಹೆಂಡತಿ ನಮ್ಮೂರಿಗೆ ಬರುತ್ತಿದ್ದರು. ಗಂಡ ಎತ್ತರದ ಆಳು, ಒಳ್ಳೆಯ ಕಂಠ. ಹೆಂಡತಿ ಸೆರಗನ್ನು ಕಿವಿಯ ತನಕ ಎಳೆದುಕೊಂಡು, ಕಂಬಕ್ಕೆ ಒರಗಿ, ತಾಳ ಹಾಕುತ್ತ ಹಿಂದೆ ಹಾಡುತ್ತಿದ್ದಳು. ಜನ 'ವಾಹ್ವಾ' ಅನ್ನುತ್ತಿದ್ದದ್ದು ಗಂಡನಿಗೆ. ಆ ಪದಗಳಲ್ಲಿ ಹಲವನ್ನು ಕಟ್ಟಿದವಳು ಅವಳೇ, ಕಟ್ಟಿ ಗಂಡನ ಗುರುವಿನ ಅಂಕಿತ ಇಟ್ಟವಳೂ ಅವಳೇ ಎಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕೇಳಿದ್ದಕ್ಕೆ ಆಕೆ, "ಯಾರ ಕಟ್ಟಿದ್ರ ಏನಾಯ್ತಪ್ಪಾ, ಎತ್ತಿ ಹಾಡಾಂವಂದೇ ಹಾಡು" ಅಂದಿದ್ದಳು. ಬೇಸರದಿಂದ ಅಂದಳೋ, ನಂಬಿ ಅಂದಳೋ ನಮಗೆ ಗೊತ್ತಾಗಲಿಲ್ಲ.

ಹೆಸರಿನ ಈ ಲೆಕ್ಕ ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪದ ಅವಶೇಷ ಸಿಕ್ಕಿತು. ಅದರಲ್ಲಿ ಸುಣ್ಣಕಲ್ಲಿನ ಒಂದು ಚಪ್ಪಡಿ. ಶಹಾಬಾದಿನ ಫರಸಿಕಲ್ಲು ಹಾಸಿದ ಮನೆಗಳಲ್ಲಿ ಹುಟ್ಟಿ ಬೆಳೆದ ನಮಗೆ ಆ ಕಲ್ಲು ನಮ್ಮ ಮನೆಯದೇ ಅನಿಸುತ್ತದೆ. ಅದರ ಮೇಲೆ ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಸುತ್ತ ಛತ್ರ ಚಾಮರ ಹಿಡಿದ ಹೆಂಗಸರು. ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಬರೆದಿದೆ. ಅಶೋಕನ ಹೆಸರು ಹೊತ್ತ ಅವನ ಚಿತ್ರ ಎಂದು ಇಡೀ ದೇಶವೇ ಅದನ್ನು ನೋಡಿ ಬೆರಗಾಯಿತು. ರಾಣಿ ಯಾರೆಂದು ಕಲ್ಲು ಹೇಳುವುದಿಲ್ಲ. ಸೇಡಂ ತಾಲೂಕಿನ ಮಳಖೇಡಕ್ಕೆ ಬಂದರೆ ಅಲ್ಲಿ ಇನ್ನೊಂದು ಬಗೆ. ರಾಷ್ಟ್ರಕೂಟರ ಆ ರಾಜಧಾನಿಯಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವನ್ನು ನೃಪತುಂಗನದು ಎಂದೇ ಬಹುಕಾಲ ನಂಬಿದ್ದೆವು. ಬರೆದವನು ಆಸ್ಥಾನದ ಶ್ರೀವಿಜಯ, ಅರಸನದು ಅನುಮತಿ ಎಂದು ವಿದ್ವಾಂಸರು ತೋರಿಸಿಕೊಟ್ಟ ಮೇಲೂ ಊರ ಬಾಯಲ್ಲಿ ಅದು ನೃಪತುಂಗನ ಕೃತಿಯೇ. ಶ್ರೀವಿಜಯನಿಗಾದರೂ ವಿದ್ವಾಂಸರು ಸಿಕ್ಕರು.

ಇಷ್ಟನ್ನು ಪೀಠಿಕೆಯಾಗಿ ಹೇಳಿದ್ದು, ಹೆಸರು ಉಳಿದೂ ಚರಿತ್ರೆ ಕೆಟ್ಟ ಒಬ್ಬ ಗಾಯಕಿಯ ಬಗ್ಗೆ ಬರೆಯಬೇಕೆಂದು. ಆಕೆ ನಮ್ಮ ಜಿಲ್ಲೆಯವರಲ್ಲ, ವಿಜಯಪುರ ಸೀಮೆಯ ಬೀಳಗಿಯವರು. ಆದರೆ ಆಕೆಯ ದನಿ ನಮ್ಮ ಕಡೆ ಬಂದದ್ದು ವಾಡಿ ಜಂಕ್ಷನ್ನಿನ ಮೇಲೆ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿ ರಾಯಚೂರು ಮುಟ್ಟುವ ಹಳಿ ಬಿದ್ದದ್ದು 1871ರಲ್ಲಿ. ವಾಡಿಯಲ್ಲಿ ಕವಲೊಡೆದು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರಿನ ಮೇಲಿಂದ ಸಿಕಂದರಾಬಾದಿಗೆ ಹೋಗುವ ನಿಜಾಮರ ಹಳಿ 1874ರಲ್ಲಿ. ಈ ಹಳಿಗಳ ಮೇಲೆ ಫರಸಿಕಲ್ಲು, ತೊಗರಿ, ಸಿಪಾಯಿಗಳ ಜೊತೆಗೆ ಹಾಡೂ ಓಡಾಡಿತು. ನಮ್ಮ ಹಿರಿಯರ ಮನೆಯ ಟ್ರಂಕಿನಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳು ಕೆಲವು ಉಳಿದಿದ್ದವು. ಸೂಜಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ, ತಟ್ಟೆಗಳು ಮಾತ್ರ. ಅವುಗಳ ಕಾಗದ ಓದುವುದೇ ನಮಗೆ ಆಟ. ಹಾಗೆ ಕಣ್ಣಿಗೆ ಬಿದ್ದ ಹೆಸರು: ಗೋಹರ್‌ಬಾಯಿ ಕರ್ನಾಟಕಿ.

ಗೋಹರ್ ಎಂದರೆ ಮುತ್ತು, ರತ್ನ. ಆ ಕಾಲದಲ್ಲಿ ಈ ಹೆಸರಿನ ಹಾಡುಗಾರ್ತಿಯರು ಒಬ್ಬರಲ್ಲ. ಕಲಕತ್ತೆಯ ಗೋಹರ್ ಜಾನ್ ಎಲ್ಲರಿಗಿಂತ ಮೊದಲಿನವರು. 1902ರಲ್ಲಿ ಈ ದೇಶದ ಮೊದಮೊದಲ ಧ್ವನಿಮುದ್ರಣಗಳಾದಾಗ ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ತಾನೇ ಕೂಗಿ ಹೇಳಿ ತಟ್ಟೆಯೊಳಗೆ ಇಟ್ಟುಹೋದ ಹೆಂಗಸು ಆಕೆ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಸಿನಿಮಾದಲ್ಲಿ ಇನ್ನೊಬ್ಬ ಗೋಹರ್ ಇದ್ದರು. ನಮ್ಮ ಬೀಳಗಿಯ ಗೋಹರ್‌ಬಾಯಿಯವರನ್ನು ಇವರ ಜೊತೆ ಕಲಸಿ ಬರೆದವರು ಈಗಲೂ ಸಿಗುತ್ತಾರೆ. 'ಕರ್ನಾಟಕಿ' ಎಂಬ ಒಂದು ಮಾತು ಇಲ್ಲದಿದ್ದರೆ ಬೇರ್ಪಡಿಸುವುದೂ ಕಷ್ಟವಿತ್ತು.

ಹಾಡು, ತಬಲಾ ಗೊತ್ತಿದ್ದ, ನಾಟಕದ ನಂಟಿದ್ದ ಮುಸ್ಲಿಂ ಮನೆ ಅದು. ಅಕ್ಕತಂಗಿಯರಲ್ಲಿ ಇಬ್ಬರ ಹೆಸರು ದೂರ ಹೋಯಿತು, ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ. ಅಮೀರ್‌ಬಾಯಿಯನ್ನು ಹಿಂದಿ ಸಿನಿಮಾದ ಹಳೆಯ ಹಾಡು ಕೇಳುವವರೆಲ್ಲ ಬಲ್ಲರು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ಅವರು ಮನೆಮಾತಾದರು. 1948ರ 'ಶಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದರು. ಹೆಂಗಸು ಹಾಡಬಹುದು, ಆದರೆ ಹಾಡಿಸುವವಳಾಗುವುದು ಅಪರೂಪ ಎಂಬ ಕಾಲ ಅದು. ಸಿನಿಮಾಕ್ಕೆ ಅವರು ಕಾಲಿಡಲು ನೆರವಾದವರು ಅಕ್ಕ ಗೋಹರ್‌ಬಾಯಿ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬಗ್ಗೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ತಂಗಿಗೆ ಚರಿತ್ರೆಕಾರರು ಸಿಕ್ಕರು ಎನ್ನಬಹುದು.

ಅಕ್ಕನ ಕತೆ ಬೇರೆ. ಅದು ಬಾಲಗಂಧರ್ವರ ಕತೆಯೊಳಗೆ ಸೇರಿಹೋಯಿತು.

ನಾರಾಯಣ ಶ್ರೀಪಾದ ರಾಜಹಂಸ ಎಂಬುದು ಬಾಲಗಂಧರ್ವರ ಹೆಸರು, ಹುಟ್ಟಿದ್ದು 1888. ಹೆಣ್ಣುವೇಷದ ನಟ, ಗಾಯಕ. 1905ರಲ್ಲಿ ಕಿರ್ಲೋಸ್ಕರ ಮಂಡಳಿ ಸೇರಿ, 1913ರಲ್ಲಿ ಪಾಲುದಾರರ ಜೊತೆ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಮಾನಾಪಮಾನದ ಭಾಮಿನಿ, ಸ್ವಯಂವರದ ರುಕ್ಮಿಣಿ, ಏಕಚ ಪ್ಯಾಲಾದ ಸಿಂಧು ಅವರ ಹೆಸರಾದ ಪಾತ್ರಗಳು. ಮುಂಬಯಿ, ಪುಣೆಯ ಹೆಂಗಸರು ಸೀರೆ ಉಡುವುದನ್ನು, ಹೂ ಮುಡಿಯುವುದನ್ನು ಅವರನ್ನು ನೋಡಿ ಕಲಿತರೆನ್ನುವ ಮಾತಿದೆ. ಆ ರಂಗಭೂಮಿಗೂ ಕನ್ನಡಕ್ಕೂ ಹಳೆಯ ಕೊಳುಕೊಡೆ ಇತ್ತು. 1880ರಲ್ಲಿ ಮರಾಠಿ ಸಂಗೀತ ನಾಟಕಕ್ಕೆ ಅಡಿಗಲ್ಲಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಅವರ ನಾಟಕಗಳಲ್ಲಿ ಕನ್ನಡ ಹಾಡಿನ ಮಟ್ಟುಗಳು ಹೇರಳ. ಮುಂದೆ ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಲ್ಲಿ ಬೀಡುಬಿಟ್ಟಾಗ ಕನ್ನಡ ಕಂಪನಿಗಳ ಹಾಡಿನ ಮೇಲೆ ಅದರ ನೆರಳು ಬಿತ್ತು. ಹೀಗಿರುವಾಗ ಬೀಳಗಿಯ ಹುಡುಗಿಯೊಬ್ಬಳು ಬಾಲಗಂಧರ್ವರ ಗಾಯನಕ್ಕೆ ಕಿವಿಗೊಟ್ಟದ್ದರಲ್ಲಿ ಅಚ್ಚರಿಯಿಲ್ಲ.

ಕಿವಿಗೊಟ್ಟದ್ದು ಮಾತ್ರವಲ್ಲ, ಆ ಗಾಯನವನ್ನೇ ಗಂಟಲಿಗೆ ಇಳಿಸಿಕೊಂಡರು. ಒಂದೇ ನುಡಿಯನ್ನು ಹಲವು ಬಗೆಯಲ್ಲಿ ತಿರುಗಿಸಿ ತಂದು ಸರಿಯಾಗಿ ಸಮ್ಮಿನ ಮೇಲೆ ಇಳಿಸುವ ಅವರ ರೀತಿಯನ್ನು ಗೋಹರ್‌ಬಾಯಿ ಎಷ್ಟು ಹತ್ತಿರದಿಂದ ಹಿಡಿದರೆಂದರೆ, ಬಾಲಗಂಧರ್ವರ ಕಟ್ಟಾ ಅಭಿಮಾನಿಗಳೂ ಹೋಲಿಕೆಯನ್ನು ಒಪ್ಪಬೇಕಾಯಿತು. ಒಪ್ಪಿ ಮೂಗು ಮುರಿದರು. 'ನಕಲು' ಅಂದರು. ನಮ್ಮ ಪದ ಹಾಡುವವರಲ್ಲಿ ಗುರುವಿನ ಹಾಗೆ ಹಾಡಿದರೆ ಶಿಷ್ಯ ಎನ್ನುತ್ತಾರೆ. ಇಲ್ಲಿ ಶಿಷ್ಯೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

1937-38ರ ಸುಮಾರಿಗೆ ಗೋಹರ್‌ಬಾಯಿ ಬಾಲಗಂಧರ್ವರ ಮಂಡಳಿಗೆ ಬಂದರು. ಅವರಿಗಾಗ ಐವತ್ತು ತುಂಬುವ ವಯಸ್ಸು. ಅಷ್ಟು ಕಾಲ ತಾವು ಉಟ್ಟ ಸೀರೆಯನ್ನು ಮೊದಲ ಬಾರಿಗೆ ಒಬ್ಬ ಹೆಣ್ಣಿಗೆ ಕೊಟ್ಟು, ತಾವು ಗಂಡು ಪಾತ್ರಕ್ಕೆ ಸರಿದರು. ಗೋಹರ್‌ಬಾಯಿ ನಾಯಕಿಯಾದರು. ಪ್ರೇಕ್ಷಕರಿಗೆ ಇದು ರುಚಿಸಲಿಲ್ಲ. ನಿಜವಾದ ಹೆಣ್ಣು ಬಂದು ನಿಂತಾಗ, ಹೆಣ್ಣಲ್ಲದ ಆ ಹಳೆಯ ಹೆಣ್ಣೇ ಬೇಕು ಎಂದು ಜನ ಹಟ ಹಿಡಿದದ್ದು ರಂಗಭೂಮಿಯ ಚರಿತ್ರೆಯ ಒಂದು ವಿಚಿತ್ರ. ಬಾಲಗಂಧರ್ವರು ಮತ್ತೆ ಸೀರೆ ಉಡಬೇಕಾಯಿತು.

ಆಮೇಲೆ ಬೆಳೆದದ್ದು ಆರೋಪಗಳ ಪಟ್ಟಿ. ಕಂಪನಿಯನ್ನು ಮುಳುಗಿಸಿದಳು, ಹಳೆಯ ಗೆಳೆಯರನ್ನು ದೂರ ಮಾಡಿದಳು, ಮನೆ ಮುರಿದಳು, ಮಾಟ ಮಾಡಿಸಿ ವಶ ಮಾಡಿಕೊಂಡಳು. ಮಾಟದ ಮಾತನ್ನು ಬಿಡೋಣ, ಅದಕ್ಕೆ ಉತ್ತರವಿಲ್ಲ. ಉಳಿದವನ್ನು ವರ್ಷಗಳ ಮುಂದೆ ಹಿಡಿದು ನೋಡಬಹುದು.

ಕಂಪನಿಯ ಸಾಲ ಗೋಹರ್‌ಬಾಯಿಗಿಂತ ಹಳೆಯದು. ಬಾಲಗಂಧರ್ವರಿಗೆ ರಂಗದ ಮೇಲೆ ಎಲ್ಲವೂ ಅಸಲಿಯೇ ಬೇಕು. ಜರತಾರಿ ಸೀರೆ, ಬೆಲೆಬಾಳುವ ಗಾಲೀಚೆ, ಥಿಯೇಟರ್ ತುಂಬ ಅಸಲಿ ಅತ್ತರು. ಹಣದ ಲೆಕ್ಕ ಅವರಿಗೆ ಹಿಡಿಸದು. 1920ರ ದಶಕದ ಆರಂಭದಲ್ಲೇ ಮಂಡಳಿ ಸಾಲದಲ್ಲಿ ಕುತ್ತಿಗೆಯ ತನಕ ಮುಳುಗಿ, ವರ್ಷಗಟ್ಟಲೆ ದುಡಿದು ಮೇಲೆದ್ದಿತ್ತು. ಆಗ ಗೋಹರ್‌ಬಾಯಿ ಎಲ್ಲಿದ್ದರು? 1931ರಲ್ಲಿ 'ಆಲಂ ಆರಾ' ಬಂತು, ಮರುವರ್ಷ ಮರಾಠಿ ಟಾಕಿ, 1934ರಲ್ಲಿ ಕನ್ನಡದ 'ಸತಿ ಸುಲೋಚನಾ'. ನಾಟಕದ ಥಿಯೇಟರುಗಳು ಒಂದೊಂದಾಗಿ ಸಿನಿಮಾ ಮಂದಿರಗಳಾದವು. ಬಾಲಗಂಧರ್ವರೇ ಮಂಡಳಿಯನ್ನು ನಿಲ್ಲಿಸಿ ಪ್ರಭಾತ್ ಸಂಸ್ಥೆಯ ಜೊತೆ ಕೈಜೋಡಿಸಿ, 1935ರ 'ಧರ್ಮಾತ್ಮಾ'ದಲ್ಲಿ ಸಂತ ಏಕನಾಥರಾದರು. ಎದುರಿಗೆ ಕೇಳುಗರಿಲ್ಲದ ಆ ಕೆಲಸ ಒಗ್ಗದೆ ಒಂದೇ ಚಿತ್ರಕ್ಕೆ ಬಿಟ್ಟುಬಂದರು. ಮತ್ತೆ ಕಟ್ಟಿದ ಕಂಪನಿ ಮೊದಲಿನ ಕಂಪನಿಯಾಗಿರಲಿಲ್ಲ. ಗೋಹರ್‌ಬಾಯಿ ಬಂದದ್ದು ಇದಾದ ಮೇಲೆ. ಮುಳುಗುವ ದೋಣಿಗೆ ಕೊನೆಗೆ ಹತ್ತಿದವಳ ಭಾರದಿಂದಲೇ ದೋಣಿ ಮುಳುಗಿತು ಅಂದರು.

ಧರ್ಮದ ಮಾತು ಇನ್ನೂ ಸೂಕ್ಷ್ಮ. ಗಂಧರ್ವ ಮಂಡಳಿಯಲ್ಲಿ ತಬಲಾ ನುಡಿಸುತ್ತಿದ್ದವರು ಅಹಮದ್ ಜಾನ್ ತಿರಕವಾ, ಸಾರಂಗಿ ಖಾದರ್ ಬಕ್ಷ್. ತಿರಕವಾ ಎಂದರೆ ಈ ದೇಶ ಕಂಡ ದೊಡ್ಡ ತಬಲಾ ಉಸ್ತಾದರಲ್ಲಿ ಒಬ್ಬರು. ಅವರು ರಂಗದ ಮುಂದೆ ಕೂತು ರುಕ್ಮಿಣಿಯ ಹಾಡಿಗೆ ಠೇಕಾ ಕೊಟ್ಟರೆ ಯಾರ ಭಕ್ತಿಗೂ ಭಂಗ ಬರಲಿಲ್ಲ. ಅಬ್ದುಲ್ ಕರೀಂ ಖಾನರೂ ತಾರಾಬಾಯಿ ಮಾನೆಯವರೂ ಜೊತೆಯಾಗಿ ಬಾಳಿದ್ದವರು. ಅವರ ಮಗಳು ಹೀರಾಬಾಯಿ ಬಡೋದೇಕರ್ ಎಂಬ ಹೆಸರಿನಿಂದ ಹಾಡಿದಾಗ ಅದೇ ಮರಾಠಿ ಸಭೆ ತಲೆದೂಗಿತು, ತಲೆದೂಗಬೇಕಾದದ್ದೇ. ಅಂದರೆ ಮುಸಲ್ಮಾನರ ಕೈ ಬೇಕಿತ್ತು, ಮುಸಲ್ಮಾನರ ಮನೆಯ ಕಂಠವೂ ಬೇಕಿತ್ತು. ಮುಸಲ್ಮಾನ ಹೆಸರನ್ನು ಹಾಗೆಯೇ ಇಟ್ಟುಕೊಂಡ ಹೆಣ್ಣು ರಂಗದ ನಡುವೆ ಬಂದು ನಿಂತು, ರಂಗ ಇಳಿದು ಮನೆಯೊಳಗೂ ಹೋದಾಗ ಮಾತ್ರ ಗಂಟಲು ಕಟ್ಟಿತು.

ಹಾಗೆಂದು ಗೋಹರ್‌ಬಾಯಿಯ ಪರವಾಗಿ ವಕಾಲತ್ತು ಹಾಕಿ ಎಲ್ಲವನ್ನೂ ತೊಳೆದುಬಿಡುವುದು ನಮಗೆ ಬೇಡ. ಬಾಲಗಂಧರ್ವರ ಮೊದಲ ಹೆಂಡತಿ ಲಕ್ಷ್ಮೀಬಾಯಿ ತೀರಿಕೊಂಡದ್ದು 1940ರಲ್ಲಿ. ಕಂಪನಿಯ ವೈಭವದ ದಿನಗಳಲ್ಲೂ ಸಾಲದ ದಿನಗಳಲ್ಲೂ ಮನೆ ತೂಗಿಸಿದ ಆ ಹೆಂಗಸು ಕೊನೆಯ ವರ್ಷಗಳಲ್ಲಿ ಏನು ಅನುಭವಿಸಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಗಮನಿಸಿ: ಆ ನೋವಿನ ಲೆಕ್ಕವನ್ನು ಜನ ಕೇಳಿದ್ದು ಗೋಹರ್‌ಬಾಯಿಯನ್ನು. ಗಂಡನಾದವನನ್ನು 'ಭೋಳೆ ದೇವರು' ಎಂದು ಬಿಟ್ಟುಕೊಟ್ಟರು. ಒಬ್ಬ ಗಂಡಸಿನ ಹಿರಿಮೆಯನ್ನು ಕಾಯಲು ಇಬ್ಬರು ಹೆಂಗಸರಲ್ಲಿ ಒಬ್ಬಳನ್ನು ಸತಿಯಾಗಿಸಿ, ಇನ್ನೊಬ್ಬಳನ್ನು ಮಾಟಗಾತಿಯಾಗಿಸಿದರು. ಲಕ್ಷ್ಮೀಬಾಯಿಯವರ ಚರಿತ್ರೆಯೂ ಹಾಗೆ ನೋಡಿದರೆ ಯಾರೂ ಬರೆದದ್ದಲ್ಲ.

1951ರಲ್ಲಿ ಬಾಲಗಂಧರ್ವರೂ ಗೋಹರ್‌ಬಾಯಿಯೂ ಮದುವೆಯಾದರು. ದೇಶ ಒಡೆದು ನಾಲ್ಕು ವರ್ಷವೂ ಕಳೆದಿರದ ಕಾಲ. ಆ ಹೊತ್ತಿನಲ್ಲಿ, ಮಹಾರಾಷ್ಟ್ರ ದೇವರ ಹಾಗೆ ಕಾಣುತ್ತಿದ್ದ ನಟನೊಬ್ಬನ ಮನೆಯಲ್ಲಿ ಮುಸ್ಲಿಂ ಹೆಂಡತಿಯಾಗಿ ಇರುವುದೆಂದರೆ ಏನು ಎಂದು ನಾವು ಯೋಚಿಸಬೇಕು. ಅಮೀರ್‌ಬಾಯಿಯ ಬದುಕನ್ನೂ ಅದೇ ವಿಭಜನೆ ಬೇರೆ ರೀತಿಯಲ್ಲಿ ಮುಟ್ಟಿತು. ಅವರ ಗಂಡ ಹಿಮಾಲಯವಾಲಾ ಎಂಬ ನಟ. ಹಿಂಸೆ ಕೊಟ್ಟವನು, ಆಮೇಲೆ ಪಾಕಿಸ್ತಾನಕ್ಕೆ ಹೋದವನು. ಅಮೀರ್‌ಬಾಯಿ ಇಲ್ಲೇ ಉಳಿದರು.

ಮುಂಬಯಿಯ ಮಾಹೀಮಿನಲ್ಲಿ ಬಾಲಗಂಧರ್ವರ ಕೊನೆಯ ವರ್ಷಗಳು ಕಳೆದವು. ಕಾಲುಗಳು ಸ್ವಾಧೀನ ತಪ್ಪಿದವು. ರುಕ್ಮಿಣಿಯಾಗಿ ನಡೆದು ಬಂದರೆ ಥಿಯೇಟರೇ ಎದ್ದು ನಿಲ್ಲುತ್ತಿದ್ದ ಮನುಷ್ಯ ಕೂತಲ್ಲೇ ಕೂರುವಂತಾಯಿತು. ನಾಟಕ ಕೈಬಿಟ್ಟ ಮೇಲೆ ಭಜನೆಗಳು ಉಳಿದವು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ ಬಂದವು. ಹಳೆಯ ಅಭಿಮಾನಿಗಳು ಬಂದು ಕಾಲಿಗೆರಗಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಅವರು ಹೋದ ಮೇಲೆ ಮನೆಯಲ್ಲಿ ಉಳಿಯುವ ಕೆಲಸ ಯಾರ ಪಾಲಿನದು ಎಂಬುದನ್ನು ಹಾಸಿಗೆ ಹಿಡಿದವರಿರುವ ಮನೆಯ ಹೆಂಗಸರೆಲ್ಲ ಬಲ್ಲರು. ಗಂಡನನ್ನು ವಶಮಾಡಿಕೊಂಡು ದುಡ್ಡು ಬಾಚಿಕೊಂಡಳು ಎಂದವರು, ಬಾಚಲು ಅಲ್ಲಿ ಏನಿತ್ತು ಎಂದು ಹೇಳಲಿಲ್ಲ. ಸಾಲ, ಸೋತ ಕಾಲು, ಹಳೆಯ ಹೆಸರು ಇವಿಷ್ಟೇ ಇದ್ದ ಮನೆಯಲ್ಲಿ ಒಬ್ಬ ಗಾಯಕಿ ತನ್ನ ಗಾಯನದ ಬಾಕಿ ಆಯುಷ್ಯವನ್ನು ಕಳೆದಳು. ಅದಕ್ಕೆ ಪ್ರೀತಿ ಎಂಬ ಹಳೆಯ ಹೆಸರು ಸಾಲುತ್ತದೆ ಎಂದು ನಮಗೆ ಅನಿಸುತ್ತದೆ.

ಗೋಹರ್‌ಬಾಯಿ ತೀರಿಕೊಂಡದ್ದು 1964ರಲ್ಲಿ. ಮರುವರ್ಷ ಮಾರ್ಚಿನಲ್ಲಿ ಅಮೀರ್‌ಬಾಯಿ ಹೋದರು. ಬಾಲಗಂಧರ್ವರು ಇನ್ನೂ ಕೆಲಕಾಲ ಇದ್ದು 1967ರ ಜುಲೈ 15ರಂದು ಕಣ್ಣು ಮುಚ್ಚಿದರು. ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರ ಮುಂದಿನ ವರ್ಷವೇ ತೆರೆಯಿತು. ಅಮೀರ್‌ಬಾಯಿ ಬಿಜಾಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿ ತನ್ನ ಹೆಸರನ್ನು ತಾನೇ ಗೋಡೆಯ ಮೇಲೆ ಬರೆಸಿಕೊಂಡಿದ್ದರು. ಮನೆತನದಲ್ಲಿ ಒಬ್ಬಳಾದರೂ ಜಾಣೆ ಇರಬೇಕು.

ಇಂಥ ಕತೆ ನಮ್ಮ ದೇಶದ್ದೇ ಎಂದೇನಿಲ್ಲ. ಅಮೆರಿಕದಲ್ಲಿ ಹಳ್ಳಿಗಾಡಿನ ಹಾಡಿನ ಒಂದು ದೊಡ್ಡ ಪರಂಪರೆಯಿದೆ, ಅದಕ್ಕೆ ಕಂಟ್ರಿ ಸಂಗೀತ ಎನ್ನುತ್ತಾರೆ. ಜೂನ್ ಕಾರ್ಟರ್ ಎಂಬಾಕೆ ಅದೇ ಸಂಗೀತದ ಮನೆತನದಲ್ಲಿ ಹುಟ್ಟಿ, ಜಾನಿ ಕ್ಯಾಶ್ ಎಂಬ ಪ್ರಸಿದ್ಧ ಗಾಯಕನ ಮೇಳದಲ್ಲಿ ಹಿಂದಿನ ದನಿಯಾಗಿ ಹಾಡುತ್ತಿದ್ದಳು. 1963ರಲ್ಲಿ ಅವನು ಹಾಡಿ ಲೋಕವೆಲ್ಲ ಗುನುಗಿದ 'ರಿಂಗ್ ಆಫ್ ಫೈರ್' ಹಾ‍ಡನ್ನು ಮರ್ಲ್ ಕಿಲ್ಗೋರ್ ಎಂಬುವನ ಜೊತೆ ಸೇರಿ ಕಟ್ಟಿದವಳು ಅವಳು. ಅವನಿಗಿಂತ ಮೊದಲು ಅದನ್ನು ಹಾಡಿ ಮುದ್ರಿಸಿದ್ದು ಅವಳ ಅಕ್ಕತಂಗಿಯರಲ್ಲೊಬ್ಬಳಾದ ಅನಿತಾ. ಲೋಕದ ಬಾಯಲ್ಲಿ ಅದು ಕ್ಯಾಶನ ಹಾಡು. 1968ರಲ್ಲಿ ಇಬ್ಬರೂ ಮದುವೆಯಾದರು. 2003ರ ಮೇ ತಿಂಗಳಲ್ಲಿ ಅವಳು ಹೋದಳು, ಸೆಪ್ಟೆಂಬರಿನಲ್ಲಿ ಅವನು. ಒಂದು ವ್ಯತ್ಯಾಸವಿದೆ. ಅಲ್ಲಿ ಹಾಡು ಕಟ್ಟಿದವರ ಹೆಸರನ್ನು ತಟ್ಟೆಯ ಮೇಲೆ ಅಚ್ಚು ಹಾಕುತ್ತಾರೆ, ಅದಕ್ಕೆ ಕಾನೂನಿನ ಬಲವೂ ಇದೆ. ನಮ್ಮ ಚಿಂಚೋಳಿ ಕಡೆಯ ಆ ಹೆಂಗಸಿಗೆ ತಟ್ಟೆಯೂ ಇರಲಿಲ್ಲ, ಅಚ್ಚೂ ಇರಲಿಲ್ಲ. ಗೋಹರ್‌ಬಾಯಿಗೆ ತಟ್ಟೆ ಇತ್ತು.

ಆ ತಟ್ಟೆಯ ಮೇಲಿನ 'ಕರ್ನಾಟಕಿ' ಎಂಬ ಮಾತಿನ ಬಗ್ಗೆ ಒಂದಿಷ್ಟು ಹೇಳಬೇಕು. ಅಕ್ಕತಂಗಿಯರು ಹಾಡುತ್ತಿದ್ದ ದಿನಗಳಲ್ಲಿ ನಕಾಶೆಯ ಮೇಲೆ ಕರ್ನಾಟಕ ಎಂಬ ರಾಜ್ಯವಿರಲಿಲ್ಲ. ಬೀಳಗಿ ಮುಂಬಯಿ ಪ್ರಾಂತದಲ್ಲಿತ್ತು. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ನಿಜಾಮರ ರಾಜ್ಯದಲ್ಲಿ. 1948ರ ಸೆಪ್ಟೆಂಬರಿನ ತನಕ ಇಲ್ಲಿಯ ಕಚೇರಿ ಭಾಷೆ ಉರ್ದು, ಕನ್ನಡ ಮನೆಯ ಭಾಷೆ. 1956ರ ನವೆಂಬರ್ 1ರಂದು ಎಲ್ಲರೂ ಒಂದಾದಾಗಲೂ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂದಾದದ್ದು 1973ರ ನವೆಂಬರ್ 1ರಂದು. ಗೋಹರ್‌ಬಾಯಿ ತೀರಿ ಆಗಲೇ ಒಂಬತ್ತು ವರ್ಷ. ಏಕೀಕರಣಕ್ಕೆ ದುಡಿದ ಹಿರಿಯರ ಹೆಸರುಗಳನ್ನು ಪ್ರತಿ ರಾಜ್ಯೋತ್ಸವದಲ್ಲಿ ಓದುತ್ತೇವೆ, ಓದಬೇಕಾದದ್ದೇ. ಹುಟ್ಟದ ನಾಡಿನ ಹೆಸರನ್ನು ಅಡ್ಡಹೆಸರಾಗಿ ಇಟ್ಟುಕೊಂಡು, ಮರಾಠಿ ರಂಗದ ಮೇಲೆ, ಹಿಂದಿ ಸಿನಿಮಾದಲ್ಲಿ, ಲಕ್ಷಾಂತರ ಜನರ ಕಿವಿಗೆ ಮುಟ್ಟಿಸಿದ ಬೀಳಗಿಯ ಈ ಇಬ್ಬರು ಮುಸ್ಲಿಂ ಹೆಣ್ಣುಮಕ್ಕಳ ಹೆಸರು ಆ ಪಟ್ಟಿಯಲ್ಲಿ ನಾವು ಕೇಳಿಲ್ಲ. ಗಂಡನ ಹೆಸರನ್ನು ಹಿಡಿದು ಬದುಕಿದಳು ಎಂದು ಜನ ಯಾರ ಬಗ್ಗೆ ಆಡಿಕೊಂಡರೋ, ಆಕೆಯ ತಟ್ಟೆಯ ಮೇಲೆ ಇದ್ದದ್ದು ಗಂಡನ ಹೆಸರಲ್ಲ. ಊರಿನ ಹೆಸರು. ಪದದ ಕೊನೆಗೆ ಬರುವ ಅಂಕಿತದ ಹಾಗೆ.

ಚಿಂಚೋಳಿ ಕಡೆಯ ಆ ಹೆಂಗಸನ್ನು ನಾವು ಕೊನೆಯ ಸಲ ಕಂಡದ್ದು ಒಂದು ಮೊಹರಂನಲ್ಲಿ. ಗಂಡ ತೀರಿ ಎರಡು ವರ್ಷವಾಗಿತ್ತು. ಪೀರಲು ಎದ್ದ ಮೇಲೆ ಊರವರು ಆಕೆಯನ್ನು ಕೂರಿಸಿ, "ಅವ್ವಾ, ನೀನೇ ಒಂದು ಎತ್ತು" ಅಂದರು. ಆಕೆ ತಾಳ ಹಾಕುತ್ತ ಕೂತಳು. ಬಾಯಿ ತೆರೆಯಲಿಲ್ಲ. ಜನ ಮತ್ತೆ ಮತ್ತೆ ಹೇಳಿದರು. ಕೊನೆಗೆ ಹದಿನಾಲ್ಕು ಹದಿನೈದರ ಒಬ್ಬ ಹುಡುಗ, ಅವಳ ಗಂಡ ಹಾಡುತ್ತಿದ್ದ ಪದವನ್ನು ತಪ್ಪುತಪ್ಪಾಗಿ ಎತ್ತಿದ. ಮೊದಲ ನುಡಿ ಮುಗಿಯುತ್ತಲೇ ಆಕೆ ಹಿಂದಿನಿಂದ ಹಿಡಿದಳು. ಹುಡುಗ ತಪ್ಪಿದ್ದಲ್ಲಿ ತಿದ್ದಿ, ಅವನು ಮರೆತಲ್ಲಿ ನೆನಪು ಕೊಟ್ಟು, ಪದವನ್ನು ಕೊನೆಯ ನುಡಿಯ ತನಕ ತಂದಳು. ಅಂಕಿತದ ಜಾಗ ಬಂದಾಗ ಹುಡುಗನಿಗೆ ಅದು ಗೊತ್ತಿರಲಿಲ್ಲ, ಸುಮ್ಮನಾದ. ಆಕೆಯೂ ಹೇಳಲಿಲ್ಲ. ತಾಳ ಎರಡು ಸುತ್ತು ಹಾಗೇ ನಡೆದು ನಿಂತಿತು.